ಪೊಟರೆ ಗೊತ್ತಿದ್ದವರು

ಮಂಗಟ್ಟೆಗೆ, ಅಂದರೆ ಹಾರ್ನ್‌ಬಿಲ್ ಹಕ್ಕಿಗೆ, ಅಷ್ಟು ದೊಡ್ಡ ಕೊಕ್ಕಿದೆ, ಆದರೆ ಅದರಿಂದ ಮರ ಕೊರೆಯಲು ಬರುವುದಿಲ್ಲ. ಮರಕುಟಿಗ ತನಗೆ ಬೇಕಾದ ಕಡೆ ತೂತು ಮಾಡಿಕೊಂಡು ಸಂಸಾರ ಹೂಡುತ್ತದೆ. ಮಂಗಟ್ಟೆಗೆ ಆ ಅನುಕೂಲ ಇಲ್ಲ. ಯಾವತ್ತೋ ಗಾಳಿಗೆ ಒಂದು ದಪ್ಪ ಕೊಂಬೆ ಮುರಿದಿರಬೇಕು. ಆ ಗಾಯಕ್ಕೆ ಮಳೆನೀರು ಇಳಿದು, ಅಣಬೆ ಹತ್ತಿ, ತಿರುಳು ನಿಧಾನಕ್ಕೆ ಕೊಳೆತು, ಎಷ್ಟೋ ವರ್ಷಗಳಲ್ಲಿ ಒಳಗೊಂದು ಪೊಟರೆ ಆಗಿರಬೇಕು. ದೊಡ್ಡ ಮಂಗಟ್ಟೆ ಅಂದರೆ ಮೂರು ಕಿಲೋ ಆಸುಪಾಸು ತೂಗುವ, ರೆಕ್ಕೆ ಬಿಚ್ಚಿದರೆ ಐದಡಿ ಅಗಲ ಆಗುವ ಹಕ್ಕಿ. ಅದು ಮರಿ ಸಮೇತ ತಿಂಗಳುಗಟ್ಟಲೆ ಕೂರಬೇಕು ಅಂದರೆ ಮರ ಎಷ್ಟು ದಪ್ಪ ಇರಬೇಕು, ಎಷ್ಟು ಹಳೆಯದಾಗಿರಬೇಕು, ಸ್ವಲ್ಪ ಯೋಚನೆ ಮಾಡಿ.

ಅಂಥ ಮರವನ್ನು ನಾಟಾ ವ್ಯಾಪಾರಿ ಪೊಳ್ಳು ಮರ ಅನ್ನುತ್ತಾನೆ. ಸೌದೆಗೆ ಬಿಟ್ಟರೆ ಬೇರೆ ಉಪಯೋಗ ಇಲ್ಲ ಅನ್ನುತ್ತಾನೆ. ಕಾಡಿನಲ್ಲಿ ಸಾವಿರ ಮರ ಇದ್ದರೂ ಮಂಗಟ್ಟೆಗೆ ಬೇಕಾಗುವುದು ಆ ಒಂದು ಪೊಳ್ಳು ಮರವೇ. ಅದರ ಮೇಲೂ ಪೈಪೋಟಿ ಇದೆ. ಜೇನು ಬಂದು ಕೂರುತ್ತದೆ, ಉಡ ಹೊಕ್ಕುತ್ತದೆ, ಹಾರುಬೆಕ್ಕು ಬಿಡಾರ ಮಾಡುತ್ತದೆ. ಹಾಗಾಗಿ ಒಳ್ಳೆ ಪೊಟರೆ ಸಿಕ್ಕರೆ ಮಂಗಟ್ಟೆಗಳು ಅದನ್ನು ಸುಲಭಕ್ಕೆ ಬಿಡುವುದಿಲ್ಲ, ವರ್ಷ ವರ್ಷವೂ ಅಲ್ಲಿಗೇ ಬರುತ್ತವೆ. ಅಲ್ಲೇ ಅವುಗಳ ಅಪಾಯವೂ ಇದೆ. ಪೊಟರೆ ಎಲ್ಲಿದೆ ಅಂತ ಒಬ್ಬ ಮನುಷ್ಯನಿಗೆ ಒಮ್ಮೆ ಗೊತ್ತಾದರೆ ಸಾಕು, ಅವನಿಗೆ ಅದು ಪ್ರತಿ ವರ್ಷವೂ ಗೊತ್ತಿದ್ದ ಹಾಗೆ.

ಈ ಹಕ್ಕಿಯ ಬಗ್ಗೆ ಓದುತ್ತಾ, ಕಾಡಿನಲ್ಲಿ ನೋಡುತ್ತಾ ಹೋದ ಹಾಗೆ ನನಗೆ ಎದ್ದು ಕಂಡಿದ್ದು ಈ ಸಂಗತಿ. ಏಷ್ಯಾದಲ್ಲಿ ಮಂಗಟ್ಟೆಗಳ ಅಧ್ಯಯನ ಅಂತ ಏನು ನಡೆದಿದೆಯೋ ಅದರ ಬುಡದಲ್ಲಿ ಪೊಟರೆ ಗೊತ್ತಿದ್ದ ಒಬ್ಬ ಹಳ್ಳಿಯವನೋ ಬೇಟೆಗಾರನೋ ಇದ್ದೇ ಇದ್ದಾನೆ. ಮಂಗಟ್ಟೆ ಉಳಿದ ಕಡೆಯೂ ಅವನಿಂದಲೇ ಉಳಿದಿದೆ, ಅಳಿದ ಕಡೆಯೂ ಎಷ್ಟೋ ಸಲ ಅವನಿಂದಲೇ ಅಳಿದಿದೆ.

ಮೊದಲು ಹಕ್ಕಿಯ ವಿಷಯ ಹೇಳಿಬಿಡುತ್ತೇನೆ. ಏಷ್ಯಾದಲ್ಲಿ 30ಕ್ಕೂ ಹೆಚ್ಚು ಜಾತಿಯ ಮಂಗಟ್ಟೆಗಳಿವೆ. ಭಾರತದಲ್ಲಿ 9. ನಮ್ಮ ಪಶ್ಚಿಮ ಘಟ್ಟದಲ್ಲಿ 4, ಮತ್ತು ಆ ನಾಲ್ಕೂ ಉತ್ತರ ಕನ್ನಡದ ಕಾಳಿ ಕಣಿವೆಯಲ್ಲಿ ಸಿಗುತ್ತವೆ. ಎಲ್ಲಕ್ಕಿಂತ ದೊಡ್ಡದು ದೊಡ್ಡ ಮಂಗಟ್ಟೆ. ಕಪ್ಪು ಬಿಳಿ ಮಂಗಟ್ಟೆ ನದಿ ದಂಡೆಯ ಕಾಡಿನಲ್ಲಿ ಜಾಸ್ತಿ. ಮಲಬಾರ್ ಬೂದು ಮಂಗಟ್ಟೆಗೆ ಕೊಕ್ಕಿನ ಮೇಲಿನ ಕೊಂಬೇ ಇಲ್ಲ, ಅದು ಪಶ್ಚಿಮ ಘಟ್ಟ ಬಿಟ್ಟರೆ ಪ್ರಪಂಚದಲ್ಲಿ ಬೇರೆಲ್ಲೂ ಇಲ್ಲ. ಅದರ ಕೂಗು ಕೇಳಿದವರು ಯಾರೋ ಕೇಕೆ ಹಾಕಿ ನಗುತ್ತಿದ್ದಾರೆ ಅಂದುಕೊಳ್ಳಬೇಕು, ಹಾಗಿರುತ್ತದೆ. ನಾಲ್ಕನೆಯದು ಸಾಮಾನ್ಯ ಬೂದು ಮಂಗಟ್ಟೆ, ಬಯಲು ಸೀಮೆ ಊರುಗಳ ಆಲದ ಮರದಲ್ಲೂ ಕಾಣುವಂಥದ್ದು. ದಾಂಡೇಲಿಯ ನಾಟಾ ಡಿಪೋ ಹಕ್ಕಿ ನೋಡುವವರಿಗೆಲ್ಲ ಗೊತ್ತಿರುವ ಜಾಗ. ಕಡಿದು ಪೇರಿಸಿಟ್ಟ ದಿಮ್ಮಿಗಳ ಮೇಲೆ, ಸುತ್ತ ಉಳಿದ ಮರಗಳಲ್ಲಿ, ಕಪ್ಪು ಬಿಳಿ ಮಂಗಟ್ಟೆಗಳು ಗುಂಪಾಗಿ ಬಂದು ಕೂರುತ್ತವೆ. ಆ ದಿಮ್ಮಿಗಳ ನಡುವೆ ನಿಂತು ಅವನ್ನು ನೋಡುವಾಗ ಖುಷಿ, ಸಂಕಟ ಎರಡೂ ಒಟ್ಟಿಗೇ ಆಗುತ್ತವೆ.

ದೊಡ್ಡ ಮಂಗಟ್ಟೆ ಹಾರಿ ಬರುವುದು ಕಣ್ಣಿಗಿಂತ ಮೊದಲು ಕಿವಿಗೆ ಗೊತ್ತಾಗುತ್ತದೆ. ರೆಕ್ಕೆಗರಿಗಳ ಬುಡವನ್ನು ಅಡಿಯಿಂದ ಮುಚ್ಚುವ ಚಿಕ್ಕ ಗರಿಗಳು ಇವಕ್ಕೆ ಸರಿಯಾಗಿಲ್ಲ. ಒಂದೊಂದು ಬಡಿತಕ್ಕೂ ಗರಿಗಳ ಸಂದಿಯಿಂದ ಗಾಳಿ ಭುಸುಗುಡುತ್ತಾ ನುಗ್ಗುತ್ತದೆ. ಕಾಡು ಎಷ್ಟೇ ದಟ್ಟ ಇರಲಿ, ಆ ಸದ್ದು ತೂರಿಕೊಂಡು ಬರುತ್ತದೆ. ಕೊಕ್ಕು, ಕೊಂಬು, ರೆಕ್ಕೆಯ ಬಿಳಿ ಪಟ್ಟಿ ಇವುಗಳ ಮೇಲಿನ ಹಳದಿ ಹುಟ್ಟಿನಿಂದ ಬಂದ ಬಣ್ಣ ಅಲ್ಲ. ಬಾಲದ ಬುಡದಲ್ಲಿ ಒಂದು ಎಣ್ಣೆ ಗ್ರಂಥಿ ಇದೆ, ಅದಕ್ಕೆ ತಲೆ ಉಜ್ಜಿ ಉಜ್ಜಿ ತಾನೇ ಬಳಿದುಕೊಳ್ಳುತ್ತದೆ. ಗಂಡಿನ ಕಣ್ಣು ಕೆಂಪು, ಹೆಣ್ಣಿನದು ಬಿಳಿ. ಕಣ್ಣಿಗೆ ರೆಪ್ಪೆಗೂದಲಿನಂಥ ಗರಿಗಳೂ ಇವೆ. ದುರ್ಬೀನಿನಲ್ಲಿ ಅದನ್ನು ಮೊದಲ ಸಲ ನೋಡಿದವರಿಗೆ ಬೇರೆ ಹಕ್ಕಿಯ ಮುಖ ಆಮೇಲೆ ಸಪ್ಪೆ ಅನ್ನಿಸುತ್ತದೆ. ಇಷ್ಟು ಭಾರದ ಕೊಕ್ಕು ಹೊರಬೇಕಲ್ಲ, ಅದಕ್ಕೆ ಕತ್ತಿನ ಮೊದಲ ಎರಡು ಮೂಳೆಗಳು ಬೆಸೆದು ಒಂದಾಗಿವೆ. ಹಕ್ಕಿಗಳಲ್ಲಿ ಇದು ಮಂಗಟ್ಟೆಗಳದ್ದೇ ವಿಶೇಷ.

ಇನ್ನು ಗೂಡು. ಘಟ್ಟದಲ್ಲಿ ಚಳಿ ಕಳೆಯುವ ಹೊತ್ತಿಗೆ ಹೆಣ್ಣು ಪೊಟರೆಯೊಳಗೆ ಹೋಗುತ್ತದೆ. ಒಳಗಿನಿಂದಲೇ ಬಾಗಿಲು ಮುಚ್ಚಲು ಶುರು ಮಾಡುತ್ತದೆ. ತನ್ನದೇ ಹಿಕ್ಕೆ, ತಿಂದುಳಿದ ಹಣ್ಣಿನ ಚೂರು, ಪೊಟರೆಯೊಳಗಿನ ಮರದ ಪುಡಿ, ಇದನ್ನೆಲ್ಲ ಕೊಕ್ಕಿನ ಪಕ್ಕದಿಂದ ಒತ್ತಿ ಒತ್ತಿ ಮೆತ್ತುತ್ತದೆ. ಒಣಗಿದ ಮೇಲೆ ಅದು ಗೋಡೆಯಷ್ಟು ಗಟ್ಟಿ. ಕೊನೆಗೆ ಉಳಿಯುವುದು ಉದ್ದಕ್ಕೆ ಒಂದು ಸೀಳು, ಕೊಕ್ಕಿನ ತುದಿ ಆಚೆ ಬರುವಷ್ಟು. ಅಲ್ಲಿಂದ ಮುಂದೆ ಆಕೆಯ ಊಟ, ಆಮೇಲೆ ಮರಿಯ ಊಟ, ಎಲ್ಲ ಗಂಡಿನ ಮೇಲೆ. ಹೆಚ್ಚಿನ ಜಾತಿಗಳಲ್ಲಿ ಹೆಣ್ಣು ಒಳಗಿರುವಾಗಲೇ ಹಾರುವ ಗರಿಗಳನ್ನು ಉದುರಿಸಿ ಹೊಸದಾಗಿ ಬೆಳೆಸಿಕೊಳ್ಳುತ್ತದೆ. ಅಂದರೆ ಕೆಲವು ವಾರ ಆಕೆಗೆ ಹಾರಲೂ ಆಗುವುದಿಲ್ಲ. ದೊಡ್ಡ ಮಂಗಟ್ಟೆ ಒಂದೋ ಎರಡೋ ಮೊಟ್ಟೆ ಇಡುತ್ತದೆ, ಸಾಮಾನ್ಯವಾಗಿ ಒಂದು ಮರಿ ಹೊರಗೆ ಬರುತ್ತದೆ. ಮೊಟ್ಟೆಗೆ ಸುಮಾರು 40 ದಿನ ಕಾವು, ಆಮೇಲೆ ಮರಿ ಬೆಳೆಯಬೇಕು, ಒಟ್ಟು ನಾಲ್ಕು ತಿಂಗಳ ಲೆಕ್ಕ. ಮರಿ ಒಂದಿಷ್ಟು ಬಲಿತ ಮೇಲೆ ತಾಯಿ ಗೋಡೆ ಒಡೆದು ಹೊರಗೆ ಬರುತ್ತದೆ. ಆಗ ಒಳಗೆ ಒಂಟಿಯಾದ ಮರಿ ಏನು ಮಾಡುತ್ತದೆ ಗೊತ್ತಾ? ಒಡೆದ ಗೋಡೆಯನ್ನು ತಾನೇ ಮತ್ತೆ ಮೆತ್ತಿಕೊಳ್ಳುತ್ತದೆ. ಯಾರೂ ಕಲಿಸಿಕೊಟ್ಟಿಲ್ಲ, ಹೊರಗಿನ ಪ್ರಪಂಚ ಒಮ್ಮೆಯೂ ಕಂಡಿಲ್ಲ, ಆದರೂ ಮೆತ್ತಿಕೊಳ್ಳುತ್ತದೆ.

ಈ ನಾಲ್ಕು ತಿಂಗಳಲ್ಲಿ ಗಂಡಿಗೆ ಗುಂಡು ಬಿದ್ದರೆ ಒಂದು ಹಕ್ಕಿ ಸತ್ತ ಲೆಕ್ಕ ಅಲ್ಲ. ಒಳಗೆ ಕಾಯುತ್ತಿರುವವರ ಊಟವೂ ಅಲ್ಲಿಗೆ ನಿಂತಿತು.

ಜೋಯಿಡಾ ಕಡೆ ಒಂದು ಸಲ ಗೂಡು ನೋಡಲು ಕರೆದುಕೊಂಡು ಹೋದವರು ಅಲ್ಲಿಯದೇ ಹಳ್ಳಿಯ ಹಿರಿಯರು. ಆ ಕಡೆ ವಯಸ್ಸಾದವರನ್ನು ಕಾಕಾ ಅನ್ನುವುದು ರೂಢಿ, ನಾನೂ ಹಾಗೇ ಕರೆಯುತ್ತಿದ್ದೆ. ನಾನು ಸುಮ್ನೆ ಕತ್ತೆತ್ತಿ ಒಂದೊಂದೇ ಮರ ನೋಡುತ್ತಾ ನಡೆಯುತ್ತಿದ್ದೆ. ಕಾಕಾ ಹೇಳಿದರು: "ಮೇಲೆ ನೋಡಿದ್ರೆ ಸಿಗೂದಿಲ್ಲ ಸರ್. ಕೆಳಗೆ ನೋಡ್ರಿ. ಬೀಜ ಎಲ್ಲಿ ರಾಶಿ ಬಿದ್ದದೆ ನೋಡ್ರಿ."

ಅವರು ತೋರಿಸಿದ ಮರದ ಬುಡದಲ್ಲಿ ಒಂದೇ ಪಕ್ಕಕ್ಕೆ ಬಿಳಿ ಹಿಕ್ಕೆಯ ಚಿಮುಕಲು. ಅದೇ ಪಕ್ಕದಲ್ಲಿ ಬೀಜಗಳು, ತಿರುಳು ಪೂರ್ತಿ ಹೋಗಿ ನುಣ್ಣಗಾದವು. ಅವುಗಳ ನಡುವೆ ಪಾದದ ಗಂಟಿನೆತ್ತರದ ಸಸಿಗಳು, ಬೇರೆ ಬೇರೆ ಜಾತಿಯವು, ಒತ್ತೊತ್ತಾಗಿ. ಸುತ್ತಮುತ್ತ ಆ ಜಾತಿಯ ತಾಯಿಮರ ಒಂದೂ ಇರಲಿಲ್ಲ. ಹಿಂದಿನ ವರ್ಷದ, ಅದರ ಹಿಂದಿನ ವರ್ಷದ ಊಟದ ಗುರುತೆಲ್ಲ ಅಲ್ಲಿ ಮೊಳೆತು ನಿಂತಿತ್ತು. ಬೀಜ ಬಿದ್ದ ಕಡೆಯಿಂದ ನೇರ ಮೇಲಕ್ಕೆ ಕಣ್ಣು ಹಾಯಿಸಿದರೆ ಸೀಳು ಕಂಡಿತು. ನಾವು ದೂರ ಸರಿದು ಪೊದೆಯ ಮರೆಯಲ್ಲಿ ಕೂತೆವು. ಗಂಡು ಬಂದಿದ್ದು ಬಹಳ ಹೊತ್ತಿನ ಮೇಲೆ. ಬಂದ ಕೂಡಲೇ ಗೂಡಿಗೆ ಹೋಗಲಿಲ್ಲ. ಪಕ್ಕದ ಮರದಲ್ಲಿ ಕೂತು ಸುತ್ತಲೂ ನೋಡಿತು. ಆಮೇಲೆ ಬಂದು ತೊಗಟೆ ಹಿಡಿದು, ಬಾಲ ಊರಿ ನಿಂತು, ಕತ್ತನ್ನು ಒಂದು ಸಲ ಮುಂದಕ್ಕೆ ಕುಲುಕಿತು. ಕೊಕ್ಕಿನ ತುದಿಯಲ್ಲಿ ಒಂದು ಅತ್ತಿ ಹಣ್ಣು ಬಂತು. ಅದನ್ನು ಸೀಳಿನೊಳಗೆ ಕೊಟ್ಟಿತು. ಮತ್ತೆ ಕುಲುಕಿತು, ಇನ್ನೊಂದು ಹಣ್ಣು. ಹೀಗೆ ಗಂಟಲಿನಿಂದ ಒಂದೊಂದೇ ತೆಗೆದು ಕೊಡುತ್ತಾ ಹೋಯಿತು, ಅವಸರ ಇಲ್ಲ, ಒಂದು ಹಣ್ಣೂ ಕೆಳಗೆ ಬೀಳಲಿಲ್ಲ. ಒಳಗಿನ ಕೊಕ್ಕಿನ ತುದಿ ಒಮ್ಮೊಮ್ಮೆ ಕಾಣುತ್ತಿತ್ತು, ಅಷ್ಟೇ. ಕಾಕಾ ಪಕ್ಕದಲ್ಲಿ ಬೆರಳು ಮಡಚಿ ಎಣಿಸುತ್ತಿದ್ದರು. ನಾನು ಎಣಿಸುವುದನ್ನೇ ಮರೆತು ನೋಡುತ್ತಾ ಕೂತಿದ್ದೆ.

ಮಂಗಟ್ಟೆಯ ಊಟದಲ್ಲಿ ಬಹುಪಾಲು ಅತ್ತಿ, ಬಸರಿ, ಗೋಳಿ ಜಾತಿಯ ಹಣ್ಣುಗಳು. ಇವು ವರ್ಷದ ಬೇರೆ ಬೇರೆ ಕಾಲಕ್ಕೆ ಹಣ್ಣಾಗುವುದರಿಂದ ಕಾಡಿನಲ್ಲಿ ಯಾವಾಗಲೂ ಎಲ್ಲೋ ಒಂದು ಕಡೆ ಊಟ ಇರುತ್ತದೆ. ಅದರ ಜೊತೆಗೆ ದೊಡ್ಡ ಬೀಜದ ಹಣ್ಣುಗಳು. ನಮ್ಮ ಕಡೆ ರಾಮಪತ್ರೆ ಅಂದರೆ ಎಲ್ಲರಿಗೂ ಗೊತ್ತು. ಜಾಯಿಕಾಯಿ ಬಳಗದ ಮರ, ಕಾಯಿ ಬಾಯಿ ಬಿಟ್ಟಾಗ ಒಳಗೆ ಬೀಜಕ್ಕೆ ಕೆಂಪು ಪತ್ರೆ ಸುತ್ತಿಕೊಂಡಿರುತ್ತದೆ. ಮಂಗಟ್ಟೆ ಅದನ್ನು ಬೀಜ ಸಮೇತ ನುಂಗಿ, ಪತ್ರೆ ಕರಗಿಸಿಕೊಂಡು, ಬೀಜವನ್ನು ಬಾಯಿಂದಲೇ ಹೊರಗೆ ಹಾಕುತ್ತದೆ. ಅಷ್ಟು ದಪ್ಪ ಬೀಜ ನುಂಗುವ ಬಾಯಿ ಕಾಡಿನಲ್ಲಿ ಎಷ್ಟು ಹಕ್ಕಿಗಳಿಗಿದೆ? ತೀರಾ ಕೆಲವಕ್ಕೆ. ಅದೇ ಪತ್ರೆಗೆ ಪೇಟೆಯಲ್ಲಿ ಒಳ್ಳೆ ರೇಟು ಇರುವುದರಿಂದ ಈಗ ಎಷ್ಟೋ ಕಡೆ ಕಾಯಿ ಬಾಯಿ ಬಿಡುವ ಮೊದಲೇ ಕೊಯ್ಯುತ್ತಾರೆ. ಕೊಂಬೆ ಕಡಿದು ಇಳಿಸುವವರೂ ಇದ್ದಾರೆ. ಮರದ ಮೇಲೆ ಹಕ್ಕಿಯ ಪಾಲು ಅಂತ ಒಂದಿಷ್ಟು ಬಿಡುವ ಕ್ರಮ ಹಿಂದಿನವರಲ್ಲಿ ಇತ್ತು. ಅದನ್ನು ಬಿಟ್ಟಿದ್ದು ತಪ್ಪು ಅಂತಲೇ ನನ್ನ ಅಭಿಪ್ರಾಯ.

ಬೀಜ ಎಷ್ಟು ದೂರ ಹೋಗುತ್ತದೆ ಅನ್ನುವುದನ್ನೂ ಅಳೆದಿದ್ದಾರೆ. ಅರುಣಾಚಲದ ಪಕ್ಕೆ ಹುಲಿ ಮೀಸಲು ಪ್ರದೇಶದಲ್ಲಿ ಮಂಗಟ್ಟೆಗಳ ಬೆನ್ನಿಗೆ ಸಣ್ಣ ಜಿಪಿಎಸ್ ಯಂತ್ರ ಕಟ್ಟಿ ಅವುಗಳ ಓಡಾಟ ನೋಡಿದರು. ಹೆಚ್ಚಿನ ಬೀಜಗಳು ತಾಯಿಮರದಿಂದ ಸ್ವಲ್ಪ ದೂರದಲ್ಲೇ ಬೀಳುತ್ತವೆ, ಆದರೆ ಕೆಲವು ಹತ್ತು ಕಿಲೋಮೀಟರಿಗೂ ಆಚೆ ಹೋಗಿ ಬೀಳುತ್ತವೆ. ಒಂದು ಕಾಡಿನ ತುಂಡಿಗೂ ಇನ್ನೊಂದು ತುಂಡಿಗೂ ನಡುವೆ ತೋಟ, ರಸ್ತೆ, ಊರು ಬಂದಿರುವ ಈ ಕಾಲದಲ್ಲಿ ಆ ಕೆಲವು ಬೀಜಗಳು ಎಷ್ಟು ಮುಖ್ಯ ಅಂತ ಬಿಡಿಸಿ ಹೇಳಬೇಕಾಗಿಲ್ಲ ಅಲ್ವಾ.

ಈಗ ಪೊಟರೆ ಗೊತ್ತಿದ್ದವರ ವಿಷಯಕ್ಕೆ ಬರುತ್ತೇನೆ. 1861–62ರ ಹೊತ್ತಿಗೆ ಆಲ್ಫ್ರೆಡ್ ರಸೆಲ್ ವಾಲೇಸ್ ಸುಮಾತ್ರಾದಲ್ಲಿದ್ದರು. ವಿಕಾಸವಾದದಲ್ಲಿ ಡಾರ್ವಿನ್ ಜೊತೆ ಹೆಸರು ಬರುತ್ತದಲ್ಲ, ಅವರೇ. ಅವರ ಬೇಟೆಗಾರರು ಒಂದು ದಿನ ಗಂಡು ಮಂಗಟ್ಟೆಯನ್ನು ಹೊಡೆದು ತಂದರು, ನಮ್ಮ ದೊಡ್ಡ ಮಂಗಟ್ಟೆಯದೇ ಜಾತಿ. ಪೊಟರೆಯಲ್ಲಿ ಮುಚ್ಚಿಕೊಂಡ ಹೆಣ್ಣಿಗೆ ಊಟ ಕೊಡುತ್ತಿದ್ದಾಗ ಹೊಡೆದೆವು ಅಂದರು. ವಾಲೇಸ್ ಆ ಜಾಗಕ್ಕೇ ಹೋದರು. ನೀರಿನ ಮೇಲೆ ಬಾಗಿದ ಮರ, ಇಪ್ಪತ್ತು ಅಡಿ ಎತ್ತರದಲ್ಲಿ ಮೆತ್ತಿದ ಗೂಡು, ಸೀಳಿನಿಂದ ಆಚೆ ಇಣುಕುವ ಕೊಕ್ಕಿನ ಬಿಳಿ ತುದಿ. ಒಳಗಿನಿಂದ ಕರ್ಕಶ ಕೂಗು. ಹತ್ತಿ ಇಳಿಸಿಕೊಟ್ಟವರಿಗೆ ಒಂದು ರೂಪಾಯಿ ಕೊಡುತ್ತೇನೆ ಅಂತ ಅಲ್ಲಿಯ ಜನಕ್ಕೆ ಹೇಳಿದರು. ಯಾರೂ ಒಪ್ಪಲಿಲ್ಲ, ಕಷ್ಟ ಇದೆ, ಭಯ ಆಗುತ್ತದೆ ಅಂದರು. ವಾಲೇಸ್ ಬೇಜಾರಿನಲ್ಲಿ ವಾಪಸ್ ಬಂದರು. ಗಂಟೆ ಕಳೆದ ಮೇಲೆ ದೊಡ್ಡ ಅರಚಾಟ ಕೇಳಿಸಿತು. ನೋಡಿದರೆ ಹೆಣ್ಣನ್ನೂ ಮರಿಯನ್ನೂ ತಂದೇಬಿಟ್ಟಿದ್ದರು. ಮರಿಗೆ ಒಂದು ಪುಕ್ಕವೂ ಇರಲಿಲ್ಲ, ಮೈ ಮೆತ್ತಗೆ, ಚರ್ಮ ಅರೆಪಾರದರ್ಶಕ. ಜೆಲ್ಲಿ ತುಂಬಿದ ಚೀಲಕ್ಕೆ ತಲೆ ಕಾಲು ಅಂಟಿಸಿದ ಹಾಗಿತ್ತು ಅಂತ ವಾಲೇಸ್ ಬರೆದರು. ಮಂಗಟ್ಟೆಯ ಗೂಡಿನ ಬಗ್ಗೆ ಪ್ರಪಂಚ ಓದಿದ ಒಂದು ಒಳ್ಳೆಯ ವರ್ಣನೆ ಹೀಗೆ ಒಂದು ಇಡೀ ಸಂಸಾರದ ಬೆಲೆಗೆ ಬಂತು. ಮರ ಹತ್ತಿದವನ ಹೆಸರು ಎಲ್ಲೂ ದಾಖಲಾಗಿಲ್ಲ.

ಇನ್ನೊಂದು ಕಥೆ ನಮ್ಮ ಕಾರವಾರದ್ದು. 1894ರ ಮೇ ತಿಂಗಳಲ್ಲಿ ಹುಟ್ಟಿದ ಒಂದು ದೊಡ್ಡ ಮಂಗಟ್ಟೆ ಮರಿಯನ್ನು ಮೂರು ತಿಂಗಳ ಪ್ರಾಯದಲ್ಲಿ ಕಾರವಾರದ ಇಂಗಲ್ ಅನ್ನುವವರು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಕೊಟ್ಟರು. ಅದಕ್ಕೆ ವಿಲಿಯಂ ಅಂತ ಹೆಸರಿಟ್ಟರು. 26 ವರ್ಷ ಅದು ಮುಂಬಯಿಯ ಆಫೀಸಿನಲ್ಲಿ, ಕಾರ್ಯದರ್ಶಿ ಮಿಲಾರ್ಡ್ ಅವರ ಕುರ್ಚಿಯ ಹಿಂದೆ, ಪಂಜರದಲ್ಲಿ ಬದುಕಿತು. ದೂರದಿಂದ ಎಸೆದ ಟೆನ್ನಿಸ್ ಚೆಂಡನ್ನು ಕೊಕ್ಕಿನಲ್ಲಿ ಹಿಡಿಯುತ್ತಿತ್ತಂತೆ. ಒಮ್ಮೆ ಉರಿಯುವ ಚುಟ್ಟಾ ನುಂಗಿಯೂ ಏನೂ ಆಗಲಿಲ್ಲವಂತೆ. 1920ರಲ್ಲಿ ಸತ್ತಿತು. ತಂತಿ ಚೂರು ನುಂಗಿದ್ದೇ ಕಾರಣ ಅಂದರು, ಆದರೆ ಅದನ್ನು ಬಲ್ಲ ಒಬ್ಬರು, ಮಿಲಾರ್ಡ್ ದೂರವಾದ ದುಃಖವೇ ಕಾರಣ ಅಂತ ಬರೆದಿದ್ದಾರೆ. ಇವತ್ತಿಗೂ ಆ ಸಂಸ್ಥೆಯ ಲಾಂಛನ ದೊಡ್ಡ ಮಂಗಟ್ಟೆ, ಮುಂಬಯಿಯ ಅವರ ಕಟ್ಟಡದ ಹೆಸರು ಹಾರ್ನ್‌ಬಿಲ್ ಹೌಸ್. ಭಾರತದ ಪಕ್ಷಿ ಅಧ್ಯಯನದ ಮನೆಬಾಗಿಲಿನಲ್ಲಿ ನಿಂತ ಹಕ್ಕಿ ಕಾರವಾರ ಕಡೆಯಿಂದ ಹೋದದ್ದು ಅನ್ನುವುದು ನನಗೆ ಹೆಮ್ಮೆ. ಜೊತೆಗೇ ಇನ್ನೊಂದು ಯೋಚನೆಯೂ ಬರುತ್ತದೆ. ಮೇ ತಿಂಗಳ ಮರಿ ಅಂದರೆ ಯಾವುದೋ ಪೊಟರೆಯಿಂದ ಇಳಿಸಿ ತಂದದ್ದೇ ಇರಬೇಕು. ಆ ಪೊಟರೆ ಯಾರಿಗೋ ಗೊತ್ತಿತ್ತು.

ಇದು ತಿರುಗಿದ್ದು ಥಾಯ್ಲೆಂಡಿನಲ್ಲಿ. ಪಿಲೈ ಪೂನ್ಸ್ವಾದ್ ಅನ್ನುವ ವಿಜ್ಞಾನಿ, ಮೂಲತಃ ಸೂಕ್ಷ್ಮಜೀವಿ ಶಾಸ್ತ್ರ ಓದಿದವರು, 1978ರಲ್ಲಿ ಖಾವೊ ಯಾಯ್ ರಾಷ್ಟ್ರೀಯ ಉದ್ಯಾನದಲ್ಲಿ ಮಂಗಟ್ಟೆಗಳನ್ನು ನೋಡಲು ಶುರು ಮಾಡಿದರು. ಅಲ್ಲಿ ನಾಲ್ಕು ಜಾತಿ. ಥಾಯ್ಲೆಂಡಿನಲ್ಲಿ ಒಟ್ಟು 13 ಇವೆ. ಗೂಡು ಹುಡುಕಿ, ವರ್ಷಗಟ್ಟಲೆ ಅವೇ ಗೂಡುಗಳ ಮುಂದೆ ಕೂತು, ಯಾವ ಗಂಡು ಎಷ್ಟು ಹೊತ್ತಿಗೆ ಬಂತು, ಏನು ತಂತು ಅಂತ ಬರೆದಿಟ್ಟರು. ಆಮೇಲೆ ದಕ್ಷಿಣದ ಬುಡೊ ಬೆಟ್ಟಗಳಿಗೆ ಹೋದಾಗ ಬೇರೆಯದೇ ಸಮಸ್ಯೆ ಎದುರಾಯಿತು. ಅಲ್ಲಿಯ ಬಡ ಹಳ್ಳಿಗಳ ಜನ ಮರಿಗಳನ್ನು ಇಳಿಸಿ ಸಾಕುವವರಿಗೆ ಮಾರುತ್ತಿದ್ದರು. ಪಿಲೈ ಅವರೊಡನೆ ಜಗಳಕ್ಕೆ ಹೋಗಲಿಲ್ಲ, ಅವರನ್ನೇ ಕೆಲಸಕ್ಕೆ ಕರೆದರು. ಗೂಡು ತೋರಿಸಿ, ಕಾಯಿರಿ, ದಿನವೂ ಬರೆದಿಡಿ, ಸಂಬಳ ಕೊಡುತ್ತೇವೆ ಅಂದರು. ದುಡ್ಡಿಗೆ ಏನು ಮಾಡುವುದು? ಪಟ್ಟಣದ ಜನ ಒಂದೊಂದು ಗೂಡನ್ನು ದತ್ತು ತೆಗೆದುಕೊಂಡು ವರ್ಷಕ್ಕಿಷ್ಟು ಅಂತ ಕೊಡುವ ವ್ಯವಸ್ಥೆ ಮಾಡಿದರು. ನಿನ್ನೆಯವರೆಗೆ ಮರಿ ಇಳಿಸುತ್ತಿದ್ದವನೇ ಅದೇ ಮರದ ಕೆಳಗೆ ಮರೆ ಕಟ್ಟಿಕೊಂಡು ಪೆನ್ನು ಹಿಡಿದು ಕೂತ. 2006ರಲ್ಲಿ ಪಿಲೈ ಅವರಿಗೆ ರೋಲೆಕ್ಸ್ ಪ್ರಶಸ್ತಿ ಬಂತು.

ಅವರ ತಂಡದ ಇನ್ನೊಂದು ಕೆಲಸ ನನಗೆ ಬಹಳ ಇಷ್ಟ. ಪೊಟರೆ ಒಮ್ಮೆ ಆದರೆ ಹಾಗೇ ಇರುವುದಿಲ್ಲ. ಒಳಗಿನ ನೆಲ ಕೊಳೆತು ಕೊಳೆತು ಕೆಳಗೆ ಕುಸಿಯುತ್ತದೆ, ಆಗ ಹೆಣ್ಣು ಕೂತರೆ ಸೀಳು ಕೊಕ್ಕಿಗೆ ಎಟುಕುವುದಿಲ್ಲ. ಇಲ್ಲವೇ ಮರ ತನ್ನ ಗಾಯ ಮಾಯಿಸಿಕೊಳ್ಳುತ್ತಾ ತೊಗಟೆ ಬೆಳೆಸಿ ಬಾಗಿಲನ್ನೇ ಕಿರಿದು ಮಾಡುತ್ತದೆ. ಇವರು ಮರ ಹತ್ತಿ ಒಳಗೆ ಮಣ್ಣು ತುಂಬಿ ನೆಲ ಎತ್ತರಿಸುತ್ತಾರೆ, ಬಾಗಿಲು ಕೆತ್ತಿ ಸರಿ ಮಾಡುತ್ತಾರೆ. ಬಿಟ್ಟುಹೋಗಿದ್ದ ಪೊಟರೆಗಳಿಗೆ ಹಕ್ಕಿಗಳು ಮತ್ತೆ ಬಂದಿವೆ. ಮರದ ಮೇಲೆ ಹಗ್ಗದಲ್ಲಿ ನೇತಾಡುತ್ತಾ ಹಕ್ಕಿಯ ಮನೆಯ ರಿಪೇರಿ ಮಾಡುವುದಕ್ಕಿಂತ ಸಾರ್ಥಕ ಕೆಲಸ ನನಗಂತೂ ಹೊಳೆಯುವುದಿಲ್ಲ.

ನಮ್ಮ ದೇಶದಲ್ಲಿ ಇದೇ ದಾರಿ ಹಿಡಿದದ್ದು ಪಕ್ಕೆಯಲ್ಲಿ. ಮೈಸೂರಿನಲ್ಲಿ ಕೇಂದ್ರ ಇರುವ ನೇಚರ್ ಕನ್ಸರ್ವೇಶನ್ ಫೌಂಡೇಶನ್‌ನ ಅಪರಾಜಿತಾ ದತ್ತ 1990ರ ದಶಕದಿಂದ ಅಲ್ಲಿ ಕೆಲಸ ಮಾಡುತ್ತಿದ್ದಾರೆ. ಅಲ್ಲಿಯ ನೀಶಿ ಸಮುದಾಯದ ಗಂಡಸರು ಬೆತ್ತದ ಟೋಪಿಯ ಮೇಲೆ ಮಂಗಟ್ಟೆಯ ಕೊಕ್ಕು ಕಟ್ಟಿಕೊಳ್ಳುವುದು ಹಳೇ ಪದ್ಧತಿ. ಅದು ಅವರ ಗೌರವದ ಗುರುತು, ಬಿಡಿ ಅಂತ ಹೊರಗಿನವರು ಹೇಳಿದರೆ ಬಿಡುವಂಥದ್ದಲ್ಲ. ಅರಣ್ಯ ಇಲಾಖೆ ಮತ್ತು ಕೆಲವು ಸಂಸ್ಥೆಗಳು ಫೈಬರ್ ಗ್ಲಾಸಿನ ಕೊಕ್ಕು ಮಾಡಿಸಿ ಕೊಟ್ಟರು, ಜನ ಅದನ್ನು ಹಾಕಿಕೊಳ್ಳಲು ಒಪ್ಪಿಕೊಂಡರು. ಊರಿನ ಹಿರಿಯರು ಸೇರಿ ಘೋರಾ ಆಭೆ ಅನ್ನುವ ಸಂಘ ಮಾಡಿಕೊಂಡು ಬೇಟೆಗೆ ದಂಡ ಹಾಕಿದರು. 2011–12ರಿಂದ ಗೂಡು ದತ್ತು ಯೋಜನೆ ನಡೆಯುತ್ತಿದೆ. ಮೀಸಲು ಪ್ರದೇಶದ ಹೊರಗಿನ ಕಾಡಿನಲ್ಲಿ, ಅಂದರೆ ಕಾನೂನಿನ ಕಾವಲು ತೆಳುವಾಗಿರುವ ಕಡೆ, ನೀಶಿ ಹುಡುಗರೇ ಗೂಡು ಹುಡುಕಿ ಕಾಯುತ್ತಾರೆ. 2013ರಲ್ಲಿ ಅಪರಾಜಿತಾ ಅವರಿಗೆ ವಿಟ್ಲಿ ಪ್ರಶಸ್ತಿ ಬಂತು. ಕೇರಳದ ವಾಳಚ್ಚಾಲ್ ಕಾಡಿನಲ್ಲೂ ಕಾಡರ್ ಜನ ಇದೇ ಕೆಲಸ ಮಾಡುತ್ತಾರೆ. ಒಂದು ಕಾಲಕ್ಕೆ ಮರಿ ಇಳಿಸುತ್ತಿದ್ದ ಸಮುದಾಯ, ಈಗ ಅವರ ಕೈಯಲ್ಲಿ ಗೂಡುಗಳ ಲೆಕ್ಕ ಇದೆ.

ಎಲ್ಲ ಕಡೆ ಹೀಗೆ ಆಗಿಲ್ಲ. ಬೋರ್ನಿಯೋ, ಸುಮಾತ್ರಾ, ಮಲಯ ಕಾಡುಗಳಲ್ಲಿ ಹೆಲ್ಮೆಟೆಡ್ ಹಾರ್ನ್‌ಬಿಲ್ ಅಂತ ಒಂದಿದೆ. ಬೇರೆ ಮಂಗಟ್ಟೆಗಳ ಕೊಂಬು ಒಳಗೆ ಟೊಳ್ಳು, ಇದರದ್ದು ಗಟ್ಟಿ. ಹಕ್ಕಿಯ ತೂಕದ ಹತ್ತರಲ್ಲಿ ಒಂದು ಪಾಲು ಅದೇ. ಗಂಡುಗಳು ಆಕಾಶದಲ್ಲಿ ಹಾರುತ್ತಲೇ ಎದುರು ಬದುರು ಬಂದು ತಲೆ ಡಿಕ್ಕಿ ಹೊಡೆಯುತ್ತವೆ. ಕೂಗು ಒಂದೊಂದೇ ಹೂಂಕಾರವಾಗಿ ಶುರುವಾಗಿ, ಬರಬರುತ್ತಾ ಬಿರುಸಾಗಿ, ಕೊನೆಗೆ ಹುಚ್ಚು ನಗುವಾಗುತ್ತದೆ. ಮಲಯ ಜನ ಅದಕ್ಕೊಂದು ಕಥೆ ಕಟ್ಟಿದ್ದಾರೆ. ಒಬ್ಬ ಅಳಿಯ ಅತ್ತೆಯ ಮೇಲಿನ ಸಿಟ್ಟಿಗೆ ಆಕೆಯ ಮನೆಯ ಕಂಬಗಳನ್ನು ಕೊಡಲಿಯಿಂದ ಕಡಿದು, ಮನೆ ಉರುಳಿದಾಗ ನಕ್ಕನಂತೆ. ಅವನೇ ಈ ಹಕ್ಕಿ ಆದನಂತೆ. ಆ ಗಟ್ಟಿ ಕೊಂಬನ್ನು ಚೀನಾದಲ್ಲಿ ದಂತದ ಹಾಗೆ ಕೆತ್ತುತ್ತಾರೆ. ಬೇಡಿಕೆ ಏಕಾಏಕಿ ಏರಿ, ಬೋರ್ನಿಯೋದ ಪಶ್ಚಿಮ ಕಾಲಿಮಂಟಾನ್ ಪ್ರಾಂತ್ಯ ಒಂದರಲ್ಲೇ 2013ರಲ್ಲಿ ಸುಮಾರು 6,000 ಹಕ್ಕಿಗಳನ್ನು ಕೊಂದಿರಬಹುದು ಅಂತ ಇಂಡೋನೇಷ್ಯಾದ ಸಂಶೋಧಕ ಯೋಕ್ಯೋಕ್ ಹಾದಿಪ್ರಕರ್ಸ ಅವರ ತನಿಖೆಯಿಂದ ಗೊತ್ತಾಯಿತು. 2015ರಲ್ಲಿ, ಜೀವಜಾತಿಗಳ ಅಳಿವು ಉಳಿವಿನ ಲೆಕ್ಕ ಇಡುವ ಅಂತರರಾಷ್ಟ್ರೀಯ ಸಂಸ್ಥೆ ಐಯುಸಿಎನ್ ಇದನ್ನು ತೀವ್ರ ಅಳಿವಿನಂಚಿನ ಪಟ್ಟಿಗೆ ಹಾಕಿತು. ಈ ಹಕ್ಕಿಯ ಗೂಡಿನ ಕೆಲಸ ಮುಗಿಯಲು ಐದು ತಿಂಗಳು ಬೇಕು, ಅದೂ ಒಂದು ಮರಿಗೆ. ಕೊಲ್ಲುವ ವೇಗಕ್ಕೆ ಹುಟ್ಟುವ ವೇಗ ಎಲ್ಲಿ ಸಾಟಿ. ಇದನ್ನು ಬರೆಯುವಾಗ ನನಗೆ ಸಿಟ್ಟು ಬರುತ್ತದೆ, ಅದನ್ನು ಮುಚ್ಚಿಡುವುದಿಲ್ಲ.

ನಮ್ಮ ಅಂಡಮಾನಿನ ನಾರ್ಕೊಂಡಮ್ ದ್ವೀಪದ ಮಂಗಟ್ಟೆಯದು ಇನ್ನೊಂದು ಥರ. ಸುಮಾರು 7 ಚದರ ಕಿಲೋಮೀಟರಿನ ಆ ಒಂದು ದ್ವೀಪ ಬಿಟ್ಟರೆ ಆ ಜಾತಿ ಎಲ್ಲೂ ಇಲ್ಲ. ಊರುಗಳಿಲ್ಲ, ಒಂದು ಪೊಲೀಸ್ ಠಾಣೆ ಮಾತ್ರ. ಅಷ್ಟು ಜಾಗದಲ್ಲಿ ಸಾವಿರದ ಆಸುಪಾಸು ಹಕ್ಕಿಗಳಿವೆ ಅಂತ ಅಂದಾಜು ಮಾಡಿದ್ದಾರೆ. ಅಲ್ಲಿ ರಾಡಾರ್ ಕಟ್ಟುವ ಪ್ರಸ್ತಾಪವನ್ನು 2012ರಲ್ಲಿ ಕೇಂದ್ರ ಪರಿಸರ ಸಚಿವಾಲಯ ಒಪ್ಪಲಿಲ್ಲ, ಆದರೆ 2014ರಲ್ಲಿ ಒಪ್ಪಿಗೆ ಕೊಟ್ಟಿತು.

ಕಾಳಿ ಕಣಿವೆಗೆ ವಾಪಸ್ ಬಂದರೆ, ನಾವು ಕಳೆದುಕೊಂಡದ್ದು ಕಡಿಮೆ ಏನಲ್ಲ. ಸೂಪಾದಿಂದ ಕದ್ರಾದವರೆಗೆ ನದಿಗೆ ಅಣೆಕಟ್ಟಿನ ಮೇಲೆ ಅಣೆಕಟ್ಟು ಬಂತು. ಕಪ್ಪು ಬಿಳಿ ಮಂಗಟ್ಟೆ ಇಷ್ಟಪಡುವ ತಗ್ಗಿನ ಹೊಳೆದಂಡೆಯ ಕಾಡು ಎಷ್ಟೋ ಮುಳುಗಿತು. ಅದಕ್ಕೂ ಮುಂಚೆ ದಶಕಗಟ್ಟಲೆ ದೊಡ್ಡ ಮರಗಳನ್ನು ಆರಿಸಿ ಆರಿಸಿ ಕಡಿದರು. 2011ರಲ್ಲಿ ದಾಂಡೇಲಿ ಸುತ್ತ ಹಾರ್ನ್‌ಬಿಲ್ ಸಂರಕ್ಷಣಾ ಮೀಸಲು ಅಂತ ಘೋಷಿಸಿದ್ದು, ಇಲಾಖೆ ಹಾರ್ನ್‌ಬಿಲ್ ಹಬ್ಬ ಮಾಡಿದ್ದು, ಎರಡೂ ಒಳ್ಳೆಯ ಕೆಲಸ. ಈ ಹಕ್ಕಿಯ ಹೆಸರಿನಲ್ಲಿ ಒಂದು ಮೀಸಲು ಕಾಡು ನಮ್ಮಲ್ಲಿ ಇರುವುದೇ ದೊಡ್ಡ ಸಂಗತಿ.

ಆದರೆ ಇಲ್ಲೂ ಪೊಟರೆ ಗೊತ್ತಿದ್ದವರಿಗೆ ಸಂಬಳ ಬೇಕು. ಕುಣಬಿ, ಸಿದ್ದಿ, ಗೌಳಿ ಮನೆಗಳಲ್ಲಿ ಯಾವ ಮರಕ್ಕೆ ಯಾವ ತಿಂಗಳು ಹಕ್ಕಿ ಬರುತ್ತದೆ ಅಂತ ಬಾಯಲ್ಲೇ ಹೇಳುವವರು ಇನ್ನೂ ಇದ್ದಾರೆ. ಅವರ ಮಕ್ಕಳು ರೆಸಾರ್ಟಿಗೆ, ಗೋವಾಕ್ಕೆ ಕೆಲಸಕ್ಕೆ ಹೋಗುತ್ತಿದ್ದಾರೆ. ನಾಲ್ಕು ತಿಂಗಳ ಗೂಡಿನ ಕಾಲಕ್ಕಾದರೂ ಅವರನ್ನು ನೆಚ್ಚಿ ಕೂರಿಸಿ, ನೋಟ್‌ಬುಕ್ ಕೊಟ್ಟು, ಸರಿಯಾದ ಕೂಲಿ ಕೊಟ್ಟರೆ ಹತ್ತು ವರ್ಷದಲ್ಲಿ ನಮ್ಮ ಹತ್ತಿರವೂ ಖಾವೊ ಯಾಯ್‌ನಂಥ ದಾಖಲೆ ಇರುತ್ತದೆ. ಗೂಡಿನ ಕಾಲದಲ್ಲಿ ಕ್ಯಾಮೆರಾ ಹಿಡಿದು ಮರದ ಬುಡದಲ್ಲೇ ಗುಂಪು ನಿಲ್ಲುವುದನ್ನು ತಡೆಯಲು ಅವರಿಗಿಂತ ಸರಿಯಾದವರು ಸಿಗುವುದಿಲ್ಲ. ಜನ ಹತ್ತಿರ ಇದ್ದರೆ ಗಂಡು ಹಣ್ಣು ಹೊತ್ತುಕೊಂಡು ಬಂದು ಪಕ್ಕದ ಮರದಲ್ಲೇ ಕೂತಿರುತ್ತದೆ, ಗೂಡಿಗೆ ಇಳಿಯುವುದಿಲ್ಲ. ಒಳಗೆ ಹಸಿವು.

ಸೊಪ್ಪಿನ ಬೆಟ್ಟ, ಅಂದರೆ ತೋಟಕ್ಕೆ ಸೊಪ್ಪು ಕಡಿಯುವ ಕಾಡು, ಇರುವ ತೋಟಿಗರಿಗೆ ಒಂದು ಮಾತು. ನಮ್ಮ ಬೆಟ್ಟಗಳಲ್ಲಿ ಸೊಪ್ಪಿಗೆ ಸವರಿ ಸವರಿ ಹೆಚ್ಚಿನ ಮರ ಸೊರಗಿವೆ. ಆದರೂ ಅಂಚಿನಲ್ಲಿ ಒಂದೆರಡು ದಪ್ಪ ಮರ, ತಾರೆಯೋ ನಂದಿಯೋ ಕಾಡುಮಾವೋ, ಹೊಟ್ಟೆ ಪೊಳ್ಳಾಗಿ ನಿಂತಿರುತ್ತವೆ. ಬೀಳುತ್ತದೆ ಅಂತಲೋ ಸೌದೆಗೆ ಅಂತಲೋ ಅದನ್ನು ಮೊದಲು ಕಡಿಯುತ್ತೇವೆ. ಮನೆ, ದಾರಿಯ ಮೇಲೆ ಬೀಳುವಂತಿಲ್ಲದಿದ್ದರೆ ದಯವಿಟ್ಟು ಬಿಡಿ. ಫೆಬ್ರವರಿ ಮಾರ್ಚಿನಲ್ಲಿ ಅದರ ಬುಡಕ್ಕೆ ಹೋಗಿ ಬೀಜ ಬಿದ್ದಿದೆಯಾ ನೋಡಿ. ಎಲ್ಲೇ ಮಂಗಟ್ಟೆ ಕಂಡರೂ ದಾಖಲಿಸಲು 2014ರಿಂದ ಹಾರ್ನ್‌ಬಿಲ್ ವಾಚ್ ಅನ್ನುವ ಜಾಲತಾಣ ಇದೆ, ದಿನಾಂಕ, ಜಾಗ, ಎಷ್ಟು ಹಕ್ಕಿ ಅಂತ ಹಾಕಿದರೆ ಸಾಕು. ಗೂಡಿನ ಜಾಗವನ್ನು ಮಾತ್ರ ವಾಟ್ಸಾಪ್ ಗುಂಪಿಗೂ ಹಾಕಬೇಡಿ, ಫೋಟೋ ಜೊತೆ ಲೊಕೇಶನ್ನೂ ಹೋಗದ ಹಾಗೆ ಫೋನಿನಲ್ಲಿ ಆಫ್ ಮಾಡಿಕೊಳ್ಳಿ.